ಕಂಪ್ಯೂಟರ್ ಬಂದ ಮೇಲೆ ಅಧಿಕಾರ ಯಾರ ಕೈಗೆ? ಪಹಣಿ, ಹಾಜರಿ, ಟೆಂಡರ್

ಕಂಪ್ಯೂಟರ್ ಬಂದ ಮೇಲೆ ಕೆಲಸ ಮತ್ತು ಅಧಿಕಾರ ಹೇಗೆ ಬದಲಾದವು ಅನ್ನೋ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಒಂದೇ ಉತ್ತರ: ಕಂಪ್ಯೂಟರ್ ಬಂದು ಕೆಲಸ ಬೇಗ ಆಯಿತು, ಒಂದಷ್ಟು ಜನರ ಕೆಲಸ ಹೋಯಿತು. ಅದು ಸುಳ್ಳಲ್ಲ. ಆದರೆ ಪ್ರಶ್ನೆಯಲ್ಲಿ ‘ಅಧಿಕಾರ’ ಅನ್ನೋ ಪದವೂ ಇದೆ, ಅಲ್ವಾ? ಅದಕ್ಕೆ ಉದಾಹರಣೆ ಹುಡುಕಲು ದಾವಣಗೆರೆ ಬಿಟ್ಟು ಹೋಗಬೇಕಿಲ್ಲ.

ಮೊದಲು ಇಬ್ಬರ ವಿಚಾರ ತಿಳಿದಿರಲಿ. ಅಮೆರಿಕದ ಹ್ಯಾರಿ ಬ್ರೇವರ್‌ಮನ್ ಸ್ವತಃ ತಾಮ್ರದ ಕೆಲಸ ಮಾಡಿದವರು. ಕೆಲಸಗಾರನ ತಲೆಯಲ್ಲಿದ್ದ ತಿಳಿವಳಿಕೆಯನ್ನು ಮಾಲೀಕರು ಯಂತ್ರಕ್ಕೆ, ನಿಯಮಕ್ಕೆ ಇಳಿಸಿಬಿಡುತ್ತಾರೆ ಎಂದು ಅವರು 1974ರಲ್ಲಿ ಬರೆದರು. ಆಮೇಲೆ ಯೋಚಿಸುವವರು ಒಬ್ಬರು, ಮಾಡುವವರು ಇನ್ನೊಬ್ಬರು. ಕಸುಬು ಹೋದವನಿಗೆ ಜಾಸ್ತಿ ಕೂಲಿ ಕೇಳುವ ಬಲವೂ ಹೋಗುತ್ತದೆ. ಅಮೆರಿಕದವರೇ ಆದ ಸಂಶೋಧಕಿ ಶೋಶಾನಾ ಜುಬಾಫ್ 1988ರಲ್ಲಿ ಇನ್ನೊಂದು ಮಾತು ಸೇರಿಸಿದರು. ಕಂಪ್ಯೂಟರ್ ಕೆಲಸ ಮಾಡುವ ಜೊತೆಗೆ ಆ ಕೆಲಸದ ಬಗ್ಗೆ ಮಾಹಿತಿಯನ್ನೂ ಹುಟ್ಟಿಸುತ್ತದೆ. ಆ ಮಾಹಿತಿ ಕೆಲಸಗಾರನಿಗೂ ಸಿಕ್ಕರೆ ಅವನ ತಿಳಿವು ಬೆಳೆಯುತ್ತದೆ. ಮೇಲಿನವರಿಗೆ ಮಾತ್ರ ಸಿಕ್ಕರೆ ಅದೇ ಕಾವಲಾಗುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಎರಡನೆಯ ವಿಚಾರ.

ಈಗ ಪಹಣಿಗೆ ಬರೋಣ. ಹಿಂದೆ ಗ್ರಾಮ ಲೆಕ್ಕಿಗರು ಅಂದರೆ ಏನು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. ಜಮೀನಿನ ಲೆಕ್ಕದ ಪುಸ್ತಕ ಇದ್ದದ್ದು ಅವರ ಹತ್ತಿರ. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕು ಅಂದರೆ ಅವರು ಸಿಗಬೇಕು, ಮನಸ್ಸು ಮಾಡಬೇಕು, ಬರೆದು ಕೊಡಬೇಕು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಸಿಗುತ್ತಿತ್ತು. ಕೈಬರಹದ ಪಹಣಿ ನಡೆಯದಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದನ್ನೇ ಮೊದಲು ಮುಗಿಸಬೇಕು. ಸರದಿ ಮುರಿಯಲು ಸಾಫ್ಟ್‌ವೇರ್ ಬಿಡುವುದಿಲ್ಲ. ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ಹಾಗಾಗಿ ಯಾರು ತಿದ್ದಿದರು ಅನ್ನುವ ಗುರುತು ಉಳಿಯುತ್ತದೆ.

ಹೀಗೆ ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಹೋಯಿತು. ಜಗಳೂರು ಕಡೆಯ ರೈತ ಒಂದು ಹಾಳೆಗೋಸ್ಕರ ಹೊಲದ ಕೆಲಸ ಬಿಟ್ಟು ಬಸ್ ಹತ್ತಬೇಕಾಯಿತು. ಹೆಸರು ತಪ್ಪಾಗಿ ಟೈಪ್ ಆಗಿದ್ದರೆ ಮತ್ತೆ ಓಡಾಟ. ಲೆಕ್ಕಿಗರ ಮನೆ ಬಾಗಿಲಲ್ಲಿ ನಿಂತು ಜಗಳ ಆಡಬಹುದಿತ್ತು. ‘ಸಿಸ್ಟಮ್ ತಗೊಳ್ತಿಲ್ಲ’ ಅಂದರೆ ಯಾರ ಹತ್ತಿರ ಜಗಳ ಆಡೋದು? ಆದರೂ ರೈತನಿಗೆ ಲಾಭವೇ ಜಾಸ್ತಿ ಅಂತ ನಾನು ನಂಬುತ್ತೇನೆ. ತನ್ನ ದಾಖಲೆಯನ್ನು ಯಾರನ್ನೂ ಬೇಡದೆ ನೋಡುವ ಹಾಗಾಯಿತು.

ಉದ್ಯೋಗ ಖಾತರಿಯ ಹಾಜರಿಯಲ್ಲಿ ಇದು ತಿರುಗುಮುರುಗು. 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲೇ ಹಾಜರಿ ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಸಲ ಫೋಟೊ. ಸುಳ್ಳು ಹೆಸರಿನಲ್ಲಿ ಕೂಲಿ ಎತ್ತುವುದನ್ನು ತಡೆಯಬೇಕು ಅನ್ನೋದು ಸರಿಯಾದ ಉದ್ದೇಶವೇ. ಆದರೆ ಕೆರೆ ಹೂಳು ತೆಗೆಯುವ ಹೆಂಗಸು ತನ್ನ ಪಾಲಿನ ಮಣ್ಣನ್ನು ಬಿಸಿಲೇರುವ ಮುಂಚೆಯೇ ಅಗೆದು ಮುಗಿಸಿರುತ್ತಾಳೆ. ಎರಡನೇ ಫೋಟೊಗೆ ಮಾತ್ರ ಕಾಯಲೇಬೇಕು. ಕೂಲಿ ಅಳತೆಯ ಲೆಕ್ಕದ್ದು, ಕಾವಲು ಹೊತ್ತಿನ ಲೆಕ್ಕದ್ದು. ನೆಟ್‌ವರ್ಕ್ ಸಿಗದೆ ಫೋಟೊ ಹೋಗದಿದ್ದರೆ ನಷ್ಟ ಅವಳಿಗೇ. ಅವಳ ಮುಖ ಮೇಲಿನ ಕಚೇರಿಗೆ ಕಾಣುತ್ತದೆ. ಕೂಲಿ ಯಾಕೆ ತಡ ಆಯಿತು ಅನ್ನೋದು ಅವಳಿಗೆ ಆ ಆ್ಯಪ್‌ನಲ್ಲಿ ಕಾಣುವುದಿಲ್ಲ. ಜುಬಾಫ್ ಹೇಳಿದ ಕಾವಲು ಇದೇ.

ಇನ್ನೂ ಒಂದು ಉದಾಹರಣೆ ಬೇಕಿದ್ದರೆ ಮೆಕ್ಕೆಜೋಳದ ಹಂಗಾಮಿನಲ್ಲಿ ನಮ್ಮ ಎಪಿಎಂಸಿಗೆ ಹೋಗಿ ಬನ್ನಿ. ಆನ್‌ಲೈನ್ ಟೆಂಡರ್‌ನಲ್ಲಿ ಪ್ರತಿ ಲಾಟ್‌ಗೆ, ಅಂದರೆ ಮಾರಾಟಕ್ಕಿಟ್ಟ ಪ್ರತಿ ರಾಶಿಗೆ, ಹೆಚ್ಚು ದರ ಯಾರದ್ದು ಅಂತ ಕಂಪ್ಯೂಟರೇ ಆರಿಸುತ್ತದೆ. ದರ ಒಪ್ಪಿಗೆ ಆಗದಿದ್ದರೆ ರೈತ ಬೇಡ ಅನ್ನಬಹುದು. ಆದರೆ ಬಿತ್ತನೆ ಹೊತ್ತಿಗೆ ದಲ್ಲಾಲರ ಹತ್ತಿರ ಮುಂಗಡ ತಂದವನಿಗೆ ಮೂಟೆಗಳನ್ನು ವಾಪಸ್ ಹೇರಿಕೊಂಡು ಹೋಗುವುದು ಸುಲಭವಲ್ಲ. ಆ ಮುಂಗಡದ ಲೆಕ್ಕ ಟೆಂಡರ್‌ನ ಪರದೆಯಲ್ಲಿ ಎಲ್ಲೂ ಇರುವುದಿಲ್ಲ.