ಹೊಸ ಲ್ಯಾಪ್‌ಟಾಪ್ ತೆವಳುತ್ತಿದ್ದರೆ ಮೊದಲು ನೋಡಬೇಕಾದ್ದು

ಕಾಲೇಜು ಸೇರುವ ಮಕ್ಕಳಿಗೆಂದು ಕಡಿಮೆ ಬೆಲೆಯಲ್ಲಿ ಕೊಂಡ ಲ್ಯಾಪ್‌ಟಾಪ್ ಮೊದಲ ದಿನದಿಂದಲೇ ತೆವಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆಗ ಕೆಲವರು ‘ಬೂಸ್ಟರ್’, ‘ಕ್ಲೀನರ್’ ಹೆಸರಿನ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾರೆ, ಕೆಲವರು ನೇರವಾಗಿ ರ‍್ಯಾಮ್ ಹಾಕಿಸಲು ಓಡುತ್ತಾರೆ. ಇವೆರಡಕ್ಕೂ ಮೊದಲು ಗೊತ್ತಾಗಬೇಕಾದ್ದು ಒಂದೇ: ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಈ ಮೂರರಲ್ಲಿ ಯಾವುದು ಸುಸ್ತಾಗಿದೆ? ಪ್ರೊಸೆಸರ್ ಲೆಕ್ಕ ಮಾಡುವ ಚಿಪ್, ರ‍್ಯಾಮ್ ತೆರೆದಿರುವ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ, ಡಿಸ್ಕ್ ಫೈಲುಗಳು ಉಳಿಯುವ ಜಾಗ. ಡಿಸ್ಕ್ ಕೊಡುವ ಕಾಟಕ್ಕೆ ರ‍್ಯಾಮ್ ಹಾಕಿಸಿದರೆ ದುಡ್ಡು ದಂಡ. ಬೂಸ್ಟರ್ ಅಂತೂ ಸದಾ ಹಿನ್ನೆಲೆಯಲ್ಲಿ ಓಡುತ್ತ ಮೊದಲೇ ಸಾಲದ ರ‍್ಯಾಮಿನಲ್ಲಿ ತನ್ನ ಪಾಲನ್ನೂ ಕೇಳುತ್ತದೆ. ಅದನ್ನು ಹಾಕಲೇಬೇಡಿ.

ಹೊಸ ಯಂತ್ರದ ಮೊದಲ ಒಂದೆರಡು ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು. ಕಾರ್ಖಾನೆಯಿಂದ ಹೊರಟು ಮನೆ ಸೇರುವಷ್ಟರಲ್ಲಿ ವಿಂಡೋಸ್ ಹಲವು ತಿಂಗಳು ಹಿಂದೆ ಬಿದ್ದಿರುತ್ತದೆ. ವೈಫೈ ಸಿಕ್ಕ ಕೂಡಲೇ ಅಪ್‌ಡೇಟ್, ಸ್ಟೋರ್ ಆ್ಯಪ್‌ಗಳ ಅಪ್‌ಡೇಟ್, ವೈರಸ್ ಸ್ಕ್ಯಾನ್, ಫೈಲುಗಳ ಇಂಡೆಕ್ಸಿಂಗ್ (ಹುಡುಕಲೆಂದು ಪಟ್ಟಿ ಮಾಡುವುದು), ಒನ್‌ಡ್ರೈವ್ ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ. ಚಾರ್ಜರ್ ಹಾಕಿ, ಪವರ್ ಸೆಟ್ಟಿಂಗ್ಸ್‌ನಲ್ಲಿ ಚಾರ್ಜರ್ ಇದ್ದಾಗ ಸ್ಲೀಪ್ ಆಗದಂತೆ ‘ನೆವರ್’ ಇಟ್ಟು ಒಂದು ರಾತ್ರಿ ಬಿಟ್ಟುಬಿಡಿ. ಬೆಳಿಗ್ಗೆ ವಿಂಡೋಸ್ ಅಪ್‌ಡೇಟ್ ತೆರೆದು, ಇನ್ನೇನೂ ಬಾಕಿ ಇಲ್ಲ ಎನ್ನುವವರೆಗೆ ರೀಸ್ಟಾರ್ಟ್ ಮಾಡುತ್ತಿರಿ. ಇದಕ್ಕೆ ಶಟ್‌ಡೌನ್ ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲ ಅದೇ ಸ್ಥಿತಿಯಲ್ಲಿ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರು.

ಇದಾದ ಮೇಲೂ ನಿಧಾನವಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನವೂ ಬಳಸುವ ಕ್ರೋಮ್, ವರ್ಡ್, ಮೀಟಿಂಗ್ ಆ್ಯಪ್‌ಗಳನ್ನು ತೆರೆದಿಟ್ಟು, ಯಂತ್ರ ತಡವರಿಸುವ ಹೊತ್ತಿನಲ್ಲೇ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್ ಕಾಲಂಗಳ ತಲೆಯ ಮೇಲಿನ ಶೇಕಡಾ ಅಂಕಿ ನೋಡಿ. ಸುಮ್ಮನೆ ಕೂತ ಯಂತ್ರದ ಅಂಕಿ ಏನನ್ನೂ ಹೇಳುವುದಿಲ್ಲ.

ಡಿಸ್ಕ್ 100ಕ್ಕೆ ಅಂಟಿಕೊಂಡು, ಸಿಪಿಯು 20–30ರಲ್ಲೇ ಆರಾಮಾಗಿದ್ದರೆ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ ಡಿಸ್ಕ್ ಮೇಲೆ ಒತ್ತಿ. ಅಲ್ಲಿ ಎಚ್‌ಡಿಡಿ ಎಂದಿದೆಯೋ ಎಸ್‌ಎಸ್‌ಡಿ ಎಂದಿದೆಯೋ ನೋಡಿ. ಮೊದಲನೆಯದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್, ಎರಡನೆಯದು ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್. ‘1 ಟಿಬಿ’ ಎಂಬ ದೊಡ್ಡ ಅಕ್ಷರ ಕಂಡು ಕೊಂಡ ಅಗ್ಗದ ಯಂತ್ರದಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಇರಬಹುದು. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಡಿಸ್ಕಿನ ಓದುವ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧ, ತಲೆ ಅತ್ತಿತ್ತ ಸರಿಯಲು ಮತ್ತಷ್ಟು. ಹೀಗಾಗಿ ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರು ಸಲ ಓದುವುದೂ ಅದಕ್ಕೆ ಕಷ್ಟ. ವಿಂಡೋಸ್ ಏಳುವಾಗ ಕೇಳುವುದು ಇಂಥ ಸಾವಿರಾರು ಸಣ್ಣ ಓದುಗಳನ್ನೇ. ಸಾಧಾರಣ ಸಾಟಾ (ಹಳೆಯ ಬಗೆಯ ಸಂಪರ್ಕದ) ಎಸ್‌ಎಸ್‌ಡಿ ಸೆಕೆಂಡಿಗೆ ಹತ್ತಾರು ಸಾವಿರ ಓದುಗಳನ್ನು ನಿಭಾಯಿಸುತ್ತದೆ. ಈ ಯಂತ್ರಗಳಿಗೆ ಬೇರಾವ ಚಿಕಿತ್ಸೆಯೂ ಎಸ್‌ಎಸ್‌ಡಿ ಹಾಕಿಸಿದಷ್ಟು ಗುಣ ಕೊಡುವುದಿಲ್ಲ. 256 ಜಿಬಿ ಸಾಕು. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿಂಗ್‌ಗೆ ಹಾಕಿಸಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು.

ಇನ್ನೂ ಅಗ್ಗದವುಗಳಲ್ಲಿ 64 ಜಿಬಿಯ ಇಎಂಎಂಸಿ ಇರುತ್ತದೆ. ಇದು ಬೋರ್ಡಿಗೆ ಬೆಸುಗೆ ಹಾಕಿದ ಚಿಪ್, ಬದಲಿಸಲಾಗದು. ವಿಂಡೋಸ್ ಲೆಕ್ಕದಲ್ಲಿ ಕಾಣುವುದೇ ಸುಮಾರು 58 ಜಿಬಿ, ಅದರಲ್ಲೂ ದೊಡ್ಡ ಪಾಲು ವಿಂಡೋಸ್‌ಗೇ ಹೋಗುತ್ತದೆ. ಜಾಗ ತುಂಬುತ್ತ ಬಂದಂತೆ ಬರೆಯುವ ವೇಗ ಕುಸಿಯುತ್ತದೆ, ದೊಡ್ಡ ಅಪ್‌ಡೇಟ್‌ಗಳು ಅರ್ಧದಲ್ಲಿ ಕೈಕೊಡುತ್ತವೆ. ಹತ್ತು ಹದಿನೈದು ಜಿಬಿ ಸದಾ ಖಾಲಿ ಇರಲಿ. ಬೇಡದ ಫೈಲುಗಳನ್ನು ತಾನೇ ಅಳಿಸುವ ಸ್ಟೋರೇಜ್ ಸೆನ್ಸ್ ಆನ್ ಮಾಡಿ, ಫೋಟೊ ವಿಡಿಯೊಗಳನ್ನು ಹೊರಗಿಡಿ. ಕೆಲವು ಮಾಡೆಲ್‌ಗಳಲ್ಲಿ ಇದರ ಪಕ್ಕದಲ್ಲೇ ಎಸ್‌ಎಸ್‌ಡಿ ಕೂರಿಸಲು ಖಾಲಿ ಎಂ.2 ಸ್ಲಾಟ್ ಇರುತ್ತದೆ. ಇದ್ದರೆ ಅದೃಷ್ಟ.

ಮೆಮೊರಿ ಕಾಲಂ 85–90 ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ವಿಂಡೋಸ್ 11ಕ್ಕೆ 4 ಜಿಬಿ ಕನಿಷ್ಠ ಮಿತಿ, ಅಂದರೆ ಬೂಟ್ ಆಗಲು ಸಾಕು, ಕೆಲಸಕ್ಕೆ ಸಾಲದು. ಒಳಗಿನ ಗ್ರಾಫಿಕ್ಸ್ ಕೂಡ ಇದರಲ್ಲೇ ಪಾಲು ತೆಗೆದುಕೊಳ್ಳುವುದರಿಂದ ಕೈಗೆ ಸಿಗುವುದು 4ಕ್ಕಿಂತ ಕಡಿಮೆಯೇ. ಅದರಲ್ಲಿ ಹಿಡಿಸದೆ ಉಳಿದದ್ದನ್ನು ವಿಂಡೋಸ್ ಡಿಸ್ಕಿನ ಮೇಲೆ ಬರೆದು ಓದುತ್ತದೆ. ಹಾಗಾಗಿ ರ‍್ಯಾಮ್ ಕೊರತೆ ಎಷ್ಟೋ ಸಲ ಡಿಸ್ಕ್ 100 ಆಗಿ ಕಾಣುತ್ತದೆ. ಎರಡೂ ಅಂಕಿ ಒಟ್ಟಿಗೆ ಏರಿದ್ದರೆ ಈ ಅನುಮಾನ ಇರಲಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿದರೆ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲು ಸಿಗುತ್ತದೆ. ‘ಸೋಡಿಮ್’ ಎಂದಿದ್ದರೆ ತೆಗೆದು ಹಾಕಬಹುದಾದ ರ‍್ಯಾಮ್, ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆ ಹಾಕಿದ್ದು. ಸ್ಲಾಟ್‌ಗಳ ಲೆಕ್ಕವನ್ನು ಮಾತ್ರ ಪೂರ್ತಿ ನಂಬಬೇಡಿ, ಬೆಸುಗೆ ಹಾಕಿದ್ದನ್ನೂ ಅದು ಸ್ಲಾಟ್ ಎಂದು ಎಣಿಸುವುದುಂಟು. ಮಾಡೆಲ್ ಸಂಖ್ಯೆ ಹಿಡಿದು ಕಂಪನಿಯ ಸರ್ವಿಸ್ ಮ್ಯಾನುಯಲ್ ನೋಡುವುದೇ ಸರಿ. 4ರಿಂದ 8 ಜಿಬಿಗೆ ಏರಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಖರ್ಚಿಲ್ಲದೆ ಆಗುವ ಕೆಲಸವೂ ಇದೆ. ಯಂತ್ರದ ಜೊತೆಗೇ ಬಂದ ಟ್ರಯಲ್ ಆ್ಯಂಟಿವೈರಸ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್‌ನ ಡಿಫೆಂಡರ್ ತಾನಾಗಿಯೇ ಕೆಲಸ ಶುರುಮಾಡುತ್ತದೆ, ವಿಂಡೋಸ್ ಸೆಕ್ಯುರಿಟಿ ತೆರೆದು ಒಮ್ಮೆ ಖಚಿತಪಡಿಸಿಕೊಳ್ಳಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಆ್ಯಪ್ಸ್‌ನಲ್ಲಿ ಮೀಟಿಂಗ್, ಹಾಡು, ಆಟದ ಆ್ಯಪ್‌ಗಳನ್ನು ಡಿಸೇಬಲ್ ಮಾಡಿ. ಟಚ್‌ಪ್ಯಾಡ್, ಆಡಿಯೊ, ವಿಂಡೋಸ್ ಸೆಕ್ಯುರಿಟಿ ಮುಟ್ಟಬೇಡಿ. ಎಡ್ಜ್‌ನಲ್ಲಿ ಸ್ಟಾರ್ಟಪ್ ಬೂಸ್ಟ್ ಆಫ್, ಕ್ರೋಮ್‌ನಲ್ಲಿ ಮೆಮೊರಿ ಸೇವರ್ ಆನ್. ಪವರ್ ಮೋಡ್ ಅನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ತನ್ನಿ. ವಿಶುವಲ್ ಎಫೆಕ್ಟ್ಸ್ ಎಲ್ಲವನ್ನೂ ತೆಗೆದರೂ ‘ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್’ ಮಾತ್ರ ಉಳಿಸಿಕೊಳ್ಳಿ. ಅದು ಹೋದರೆ ಕನ್ನಡದ ಒತ್ತಕ್ಷರಗಳು ಮುರುಟಿ ಓದಲಾಗದಂತಾಗುತ್ತವೆ.

ಸಿಪಿಯು 100ಕ್ಕೆ ಹೋಗಿ ಕೂತರೆ ದಾರಿ ಕಿರಿದು. ಇಂಟೆಲ್‌ನ ಅಗ್ಗದ ಪ್ರೊಸೆಸರ್‌ಗಳಾದ ಸೆಲೆರಾನ್ ಎನ್4020 ಅಥವಾ ಎನ್4500 ಎಂದರೆ ಎರಡೇ ಕೋರ್ (ಲೆಕ್ಕ ಮಾಡುವ ಘಟಕ), ಮೂಲ ವೇಗ 1.1 ಗಿಗಾಹರ್ಟ್ಸ್, 6 ವಾಟ್. ಸ್ವಲ್ಪ ಹೊತ್ತು 2.8ರವರೆಗೆ ಏರುತ್ತದೆ, ಬಿಸಿಯಾದರೆ ಇಳಿಯುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟರೆ ಬೇಗ ಇಳಿಯುತ್ತದೆ. ಯೂಟ್ಯೂಬ್ ಮಾತ್ರ ತಡವರಿಸುವುದಾದರೆ ಅದಕ್ಕೆ ಬೇರೆ ಕಾರಣವಿದೆ: ಯೂಟ್ಯೂಬ್ ಹಲವು ವಿಡಿಯೊಗಳಿಗೆ ಬಳಸುವ, ಒತ್ತಿ ಚಿಕ್ಕದಾಗಿಸಿದ ಎವಿ1 ಮಾದರಿಯ ವಿಡಿಯೊ ಬಿಡಿಸುವ ಸರ್ಕ್ಯೂಟ್ ಈ ಚಿಪ್‌ಗಳಲ್ಲಿ ಇಲ್ಲ, ಆ ಭಾರವೆಲ್ಲ ಕೋರ್‌ಗಳ ಮೇಲೆ ಬೀಳುತ್ತದೆ. ವಿಡಿಯೊದ ಗುಣಮಟ್ಟವನ್ನು 480ಪಿಗೆ ಇಳಿಸಿ, ಇಲ್ಲವೇ ಬ್ರೌಸರಿಗೆ ಯೂಟ್ಯೂಬ್‌ನಿಂದ ಹಳೆಯ ಎಚ್.264 ಮಾದರಿಯ ವಿಡಿಯೊವನ್ನೇ ತರಿಸುವ ಎಚ್264ಇಫೈಯಂಥ ಎಕ್ಸ್‌ಟೆನ್ಶನ್ ಹಾಕಿ. 2023ರಲ್ಲಿ ಬಂದ ಇಂಟೆಲ್ ಎನ್100ರಲ್ಲಿ ನಾಲ್ಕು ಕೋರ್‌ಗಳೂ ಇವೆ, ಈ ಸರ್ಕ್ಯೂಟೂ ಇದೆ. ಅದೇ ಬೆಲೆಯ ಆಸುಪಾಸಿನಲ್ಲಿ ಸಿಕ್ಕರೆ ಸೆಲೆರಾನ್ ಬಿಟ್ಟು ಇದನ್ನೇ ಕೊಳ್ಳಿ.

ಬಿಡಿಭಾಗಕ್ಕೆಂದು ಬೆಂಗಳೂರಿನ ಎಸ್‌ಪಿ ರಸ್ತೆಗೋ ನಿಮ್ಮೂರಿನ ಅಂಗಡಿಗೋ ಹೋಗುವ ಮುನ್ನ ಮೂರು ಸಂಗತಿ ಬರೆದುಕೊಂಡು ಹೋಗಿ: ರ‍್ಯಾಮ್ ಡಿಡಿಆರ್4ರದೋ ಡಿಡಿಆರ್5ರದೋ (ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ), ಎಂ.2 ಸ್ಲಾಟ್ ಸಾಟಾದ್ದೋ ಅದಕ್ಕಿಂತ ವೇಗದ ಎನ್‌ವಿಎಂಇಯದೋ, ಉದ್ದ 2242ಓ (42 ಮಿ.ಮೀ.) 2280ಓ (80 ಮಿ.ಮೀ.). ಬಿಚ್ಚಿದರೆ ವಾರಂಟಿ ಏನಾಗುತ್ತದೆ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿ. ಡಿಸ್ಕ್ ಬದಲಿಸುವ ಮೊದಲು ಯಂತ್ರದ ಜೊತೆ ಬಂದ ಆಫೀಸ್ ಅನ್ನು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಆ್ಯಕ್ಟಿವೇಟ್ ಮಾಡಿ. ಅದೇ ಅಕೌಂಟಿನಲ್ಲಿರುವ ಬಿಟ್‌ಲಾಕರ್ ರಿಕವರಿ ಕೀಯ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ. ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ಹಾಗಿದ್ದಾಗ ಕೀ ಇಲ್ಲದಿದ್ದರೆ ಹಳೆಯ ಡಿಸ್ಕಿನ ಫೈಲುಗಳು ಹೋದಂತೆಯೇ. ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಅದನ್ನು ಮತ್ತೆ ಕೊಳ್ಳಬೇಕಿಲ್ಲ.

ಬ್ರೌಸರ್, ಟೈಪಿಂಗ್, ವಿಡಿಯೊ ಇಷ್ಟೇ ಸಾಕು ಎನ್ನುವವರು 4 ಜಿಬಿ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಳ್ಳಬಹುದು, ನಿಜಕ್ಕೂ ಹಗುರ. ಆದರೆ ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶ ವಿಂಡೋಸ್‌ಗೆಂದೇ ಮಾಡಿದ್ದು. ಆನ್‌ಲೈನ್ ಪರೀಕ್ಷೆಯ ಕೆಲವು ಆ್ಯಪ್‌ಗಳು ವಿಂಡೋಸ್ ಅನ್ನೇ ಕೇಳುತ್ತವೆ. ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆ) ಓಡಿಸಿ, ವೈಫೈ, ಟಚ್‌ಪ್ಯಾಡ್, ಸೌಂಡ್ ಮೂರೂ ಕೆಲಸ ಮಾಡುತ್ತವೆಯೇ ನೋಡಿಕೊಳ್ಳಿ.

ಈ ತಪಾಸಣೆಯನ್ನೆಲ್ಲ ವಾಪಸಾತಿಯ ಅವಧಿ ಮುಗಿಯುವ ಮುನ್ನ ಮಾಡಬೇಕು. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಅದು ಕೆಲವೇ ದಿನ. ಬಿಲ್ಲಿನಲ್ಲಿ ಎಸ್‌ಎಸ್‌ಡಿ ಎಂದಿದ್ದು ಟಾಸ್ಕ್ ಮ್ಯಾನೇಜರ್ ಎಚ್‌ಡಿಡಿ ಎಂದರೆ, 8 ಜಿಬಿ ಎಂದಿದ್ದು 4 ಕಂಡರೆ, ಪ್ರೊಸೆಸರ್ ಹೆಸರು ಬೇರೆ ಇದ್ದರೆ, ಸ್ಕ್ರೀನ್‌ಶಾಟ್ ತೆಗೆದು ಅದೇ ದಿನ ಬರವಣಿಗೆಯಲ್ಲಿ ದೂರು ಕೊಡಿ. ಮಾರಿದವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆ ಫೋನ್ ಮಾಡುವಾಗ ಬಿಲ್ಲು, ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆ, ಜಾಹೀರಾತಿನ ಪುಟದ ಚಿತ್ರ ಕೈಯಲ್ಲಿರಲಿ.