ನೀರಿಲ್ಲದೆ ಕಲ್ಲಿದ್ದಲು ತೊಳೆಯುವುದು

ಕಣದಲ್ಲಿ ರಾಶಿ ತೂರುವುದನ್ನು ನೋಡಿದ್ದೀರಲ್ವಾ? ಜೊಳ್ಳು ಹಾರುತ್ತದೆ, ಕಾಳು ಬುಡದಲ್ಲೇ ಬೀಳುತ್ತದೆ. ಗಣಿಯಿಂದ ಬರುವ ಕಲ್ಲಿದ್ದಲಿನಲ್ಲೂ ಕಲ್ಲು ಬೆರೆತಿರುತ್ತದೆ. ಅದನ್ನೂ ಹೀಗೇ ತೂರಬಾರದೇಕೆ? ತೊಡಕೇನೆಂದರೆ, ಗಾಳಿ ಗಾತ್ರವನ್ನೂ ನೋಡುತ್ತದೆ. ಸಣ್ಣ ಕಲ್ಲಿನ ಚೂರು ಹಾರಿಬಿಡುತ್ತದೆ, ದಪ್ಪ ಇದ್ದಲಿನ ಉಂಡೆ ಕೆಳಗೇ ಉಳಿಯುತ್ತದೆ.

ನೀರು ಹಾಗಲ್ಲ. ತೆಂಗಿನಕಾಯಿ ಎಷ್ಟೇ ದಪ್ಪವಿದ್ದರೂ ತೇಲುತ್ತದೆ, ಹರಳು ಎಷ್ಟೇ ಚಿಕ್ಕದಾದರೂ ಮುಳುಗುತ್ತದೆ. ಆದರೆ ಕಲ್ಲಿದ್ದಲು ನೀರಿಗಿಂತ ಸುಮಾರು 1.3ರಿಂದ 1.5 ಪಟ್ಟು ಭಾರ. ಬರೀ ನೀರಿಗೆ ಹಾಕಿದರೆ ಕಲ್ಲಿನ ಜೊತೆ ಅದೂ ಮುಳುಗುತ್ತದೆ. ಅದಕ್ಕೇ ತೊಳೆಯುವ ಘಟಕಗಳಲ್ಲಿ ನೀರಿಗೆ ಮ್ಯಾಗ್ನಟೈಟ್ ಪುಡಿ ಕಲಸುತ್ತಾರೆ. ನಮ್ಮ ಕುದುರೆಮುಖದಲ್ಲಿ ತೆಗೆಯುತ್ತಿದ್ದರಲ್ಲ, ಅದೇ ಜಾತಿಯ ಕಬ್ಬಿಣದ ಅದಿರು. ಆ ಭಾರದ ನೀರಲ್ಲಿ ಇದ್ದಲು ತೇಲುತ್ತದೆ.

ಈಗ ನೀರನ್ನೇ ತೆಗೆದುಬಿಡಿ. ಸಣ್ಣ ತೂತುಗಳ ತಳವಿರುವ ತೊಟ್ಟಿಗೆ ಒಣ ಪುಡಿ ತುಂಬಿ, ಕೆಳಗಿಂದ ಮೆಲ್ಲಗೆ ಗಾಳಿ ಬಿಡಿ. ಒಂದು ಹಂತದಲ್ಲಿ ಪುಡಿಯ ಇಡೀ ತೂಕವನ್ನು ಗಾಳಿಯೇ ಹೊರುತ್ತದೆ. ಕಣಗಳು ಒಂದರ ಮೇಲೊಂದು ಕೂರುವುದನ್ನು ಬಿಟ್ಟು ಸಡಿಲಾಗುತ್ತವೆ. ಪುಡಿ ಅಲೆಯಾಡುತ್ತದೆ, ಕುದಿಯುವ ಅನ್ನದಂತೆ ಗುಳ್ಳೆ ಬಿಡುತ್ತದೆ. ಒಳಗೆ ಅದುಮಿದ ಪ್ಲಾಸ್ಟಿಕ್ ಚೆಂಡು ಪುಟಕ್ಕನೆ ಮೇಲೆ ಬರುತ್ತದೆ. ಇದೇ ಫ್ಲೂಯಿಡೈಸ್ಡ್ ಬೆಡ್. ಇಲ್ಲಿ ಗಾಳಿ ಇದ್ದಲನ್ನು ಹಾರಿಸುವುದಿಲ್ಲ, ಪುಡಿಯನ್ನು ದ್ರವದಂತೆ ಮಾಡುತ್ತದೆ, ಅಷ್ಟೆ. ಉಳಿದದ್ದು ಆರ್ಕಿಮಿಡೀಸನ ಲೆಕ್ಕ. ಮ್ಯಾಗ್ನಟೈಟ್‌ಗೆ ಇದ್ದಲಿನ ಪುಡಿಯನ್ನು ಹೆಚ್ಚು ಕಡಿಮೆ ಬೆರೆಸಿ ಈ ಒಣ ಕೊಳದ ಸಾಂದ್ರತೆಯನ್ನು ಬೇಕಾದ ಕಡೆ ನಿಲ್ಲಿಸಬಹುದು. ಇದ್ದಲಿಗೆ ಅಂಟಿದ ಮ್ಯಾಗ್ನಟೈಟನ್ನು ಆಮೇಲೆ ಅಯಸ್ಕಾಂತ ಎಳೆದುಕೊಳ್ಳುತ್ತದೆ.

ಉಪಾಯ ಹಳೆಯದು. 1920ರ ದಶಕದಲ್ಲೇ ಅಮೆರಿಕದ ಫ್ರೇಸರ್ ಮತ್ತು ಯಾನ್ಸಿ ಮರಳಿನಲ್ಲಿ ಇದನ್ನು ಮಾಡಿ ತೋರಿಸಿದ್ದರು. ಪಟ್ಟು ಹಿಡಿದು ಬೆಳೆಸಿದ್ದು ಚೀನಾದ ಚೆನ್ ಚಿಂಗ್ರು ಮತ್ತು ಅವರ ತಂಡ. 1994ರಲ್ಲಿ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ ಗಂಟೆಗೆ 50 ಟನ್ ಬೇರ್ಪಡಿಸುವ ಘಟಕ ಶುರುವಾಯಿತು. ಅಲ್ಲಿಯ ಚಳಿಗಾಲದಲ್ಲಿ ತೊಳೆದ ಇದ್ದಲು ಹೆಪ್ಪುಗಟ್ಟಿ ಹೆಂಟೆಯಾಗುತ್ತದೆ. ಚೀನಾದ ಇನ್ನೂ ಹಲವು ಗಣಿಗಳ ಕಡೆ ತೊಳೆಯಲು ನೀರೇ ಇಲ್ಲ.

ಹಾಗಂತ ಇದೇನೂ ಮಾಯಾಮಂತ್ರವಲ್ಲ. ಇದ್ದಲು ಒದ್ದೆಯಿದ್ದರೆ ಪುಡಿ ಮೆತ್ತಿಕೊಂಡು ಎಲ್ಲ ಕೆಡುತ್ತದೆ. ದೊಡ್ಡ ಶತ್ರು ಆ ಗುಳ್ಳೆಗಳೇ. ಸುಮಾರು 6 ಮಿಲಿಮೀಟರಿಗಿಂತ ಸಣ್ಣ ಚೂರುಗಳನ್ನು ಅವು ಮೇಲೆ ಕೆಳಗೆ ಕಲಕಿ ಮತ್ತೆ ಬೆರೆಸಿಬಿಡುತ್ತವೆ.

ನಮ್ಮ ದೇಶದ ಇದ್ದಲಿಗೆ ಕಷ್ಟವಾಗುವುದು ಇಲ್ಲೇ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಬರುವ ಇದ್ದಲಿನ ಜೊತೆ ಕಲ್ಲು, ಮಣ್ಣೂ ಪುಕ್ಕಟೆ ಪ್ರಯಾಣ ಮಾಡುತ್ತವೆ. ಬಿಡಿಯಾಗಿ ಸೇರಿಕೊಂಡ ಕಲ್ಲನ್ನು ಈ ತೊಟ್ಟಿ ಸಲೀಸಾಗಿ ಮುಳುಗಿಸೀತು. ಆದರೆ ನಮ್ಮ ಇದ್ದಲಿನ ಬೂದಿಯ ಬಹುಪಾಲು ಅದರೊಳಗೇ ನುಣ್ಣಗೆ ಹೆಣೆದುಕೊಂಡ ಮಣ್ಣಿನದು. ಅದನ್ನು ಬಿಡಿಸಲು ಇದ್ದಲನ್ನು ಸಣ್ಣಗೆ ಒಡೆಯಬೇಕು. ಒಡೆದರೆ ಚೂರುಗಳು ಗುಳ್ಳೆಗಳ ಪಾಲು.