ಕೆಲಸದಲ್ಲಿ ಆಟ ಬಂದರೆ ಕೆಲಸ ಕೆಡುತ್ತಾ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಬೇಳೆ ಮಿಲ್ ಇದೆ. ಚೀಲ ತುಂಬುವ ಹುಡುಗರು ಕಣ್ಣಂದಾಜಿನಲ್ಲೇ ತೊಗರಿಬೇಳೆ ತುಂಬಿ, ಆಮೇಲೆ ತೂಕಕ್ಕಿಟ್ಟು, ಯಾರ ಚೀಲ 50 ಕೆಜಿಗೆ ಹತ್ತಿರ ಬಂತು ಅಂತ ಚಹಾದ ಷರತ್ತು ಕಟ್ಟುತ್ತಾರೆ. ದಿನವಿಡೀ ನಗು, ಗದ್ದಲ. ಕಾಯಕವೇ ಕೈಲಾಸ ಅನ್ನೋ ನೆಲದವರು ನಾವು. ಇದನ್ನು ನಿಲ್ಲಿಸಲೋ, ಬಿಡಲೋ?

ಬಿಡಿ ಸರ್, ದಯವಿಟ್ಟು ಬಿಡಿ. ಆ ಹುಡುಗರು ಕೆಲಸ ಬಿಟ್ಟು ಆಡುತ್ತಿಲ್ಲ, ಕೆಲಸದಲ್ಲೇ ಆಟ ಕಂಡುಕೊಂಡಿದ್ದಾರೆ. ಸಂಜೆಯೊಳಗೆ ಅವರ ಕೈಗೆ ತೂಕದ ಲೆಕ್ಕ ಕೂತಿರುತ್ತೆ. ನೀವು ಬೈದು ಕಲಿಸಿದ್ದರೆ ಅಷ್ಟು ಬೇಗ ಬರುತ್ತಿರಲಿಲ್ಲ.

ನಮ್ಮೂರಿನ ರೊಟ್ಟಿ ಕೇಂದ್ರದಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಮೇ ತಿಂಗಳ ಬಿಸಿಲು, ಒಳಗೆ ಒಲೆಯ ಝಳ, ನಾಲ್ವರು ಹೆಣ್ಣುಮಕ್ಕಳು ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಿದ್ದರು. ತೋಳು ಸೋತಿದ್ದು ಮುಖದಲ್ಲೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಒಬ್ಬಾಕೆ ಬಡಿತದ ಲಯ ಬದಲಿಸಿದಳು, ಟಪ್ ಟಪ್ಪಟಪ್. ಪಕ್ಕದವಳು ಅದಕ್ಕೇ ಕೂಡಿಸಿದಳು, ಮೂರನೆಯವಳು "ಹರಿಲಾರದ ಹಂಗ ಯಾರ್ದು ದೊಡ್ಡದಾಗ್ತದ ನೋಡೂಣ ಬರ‍್ರಿ" ಅಂದಳು, ಅಷ್ಟೇ, ನಾಲ್ಕೂ ಜನ ಎದ್ದು ಕೂತಹಾಗೆ ಆಯಿತು. ರೊಟ್ಟಿ ತೆಳ್ಳಗೆ, ಅಂಚು ಬಿರಿಯದೆ ಬರುತ್ತಿದ್ದವು. ಹಿಂದೆ ನಮ್ಮ ಅಜ್ಜಿಯರು ಬೀಸುವ ಪದ ಹೇಳುತ್ತಾ ಕಲ್ಲು ತಿರುಗಿಸುತ್ತಿದ್ದರಲ್ಲ, ಇದೂ ಅದೇ.

ಇದು ಬರೀ ದಣಿವು ಮರೆಯುವ ಉಪಾಯವಲ್ಲ. 1987ರಲ್ಲಿ ಆಲಿಸ್ ಐಸೆನ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಮೇಣದಬತ್ತಿ, ಬೆಂಕಿಪೊಟ್ಟಣ, ಒಂದು ಡಬ್ಬಿ ತುಂಬ ಚಿಕ್ಕ ಮೊಳೆ ಕೊಟ್ಟು, ಮೇಣ ಕೆಳಗೆ ತೊಟ್ಟಿಕ್ಕದ ಹಾಗೆ ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಅಂದರು. ಉಪಾಯ ಸುಲಭ: ಮೊಳೆ ಸುರಿದು ಖಾಲಿ ಡಬ್ಬಿಯನ್ನೇ ಗೋಡೆಗೆ ಹೊಡೆದು, ಅದರ ಮೇಲೆ ಬತ್ತಿ ಇಡೋದು. ಆದರೆ ಡಬ್ಬಿ ಅಂದರೆ ಮೊಳೆ ಇಡೋಕೆ ಅಂತಲೇ ಮನಸ್ಸು ಹಿಡಿದುಕೊಂಡಿರುತ್ತೆ. ಮೊದಲು ಕೆಲವೇ ನಿಮಿಷ ನಗೆಚಿತ್ರ ನೋಡಿ ಬಂದವರಲ್ಲಿ ಜಾಸ್ತಿ ಜನರಿಗೆ ಈ ಉಪಾಯ ಹೊಳೆಯಿತು. ಮನಸ್ಸು ಹಗುರವಾದಾಗ ಕೈಯಲ್ಲಿರುವ ವಸ್ತುವಿಗೆ ಇನ್ನೊಂದು ಉಪಯೋಗವೂ ಕಾಣುತ್ತೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳಾದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಶುಕ್ರವಾರ ಸಂಜೆ ಸುಮ್ನೆ ಮನಸ್ಸಿಗೆ ಬಂದ ಪ್ರಯೋಗ ಮಾಡುತ್ತಿದ್ದರು. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್‌ಗೆ ಅಂಟುಟೇಪ್ ಅಂಟಿಸಿ ಕಿತ್ತು, ಮತ್ತೆ ಅಂಟಿಸಿ ಕಿತ್ತು, ಕೊನೆಗೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ, ಅಂದರೆ ಗ್ರಾಫೀನ್, ಬೇರೆ ಮಾಡಿದರು. 2004ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು, 2010ರಲ್ಲಿ ನೊಬೆಲ್ ಬಂತು.

ಇನ್ನು ಕಾಯಕದ ಮಾತು. ಅದು ನಮ್ಮ ಬಸವಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯನದು. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು ಅಂದವನು ಅವನು. ಊಟಕ್ಕೆ ಬಾ ಅಂತ ಅವ್ವ ನಾಲ್ಕು ಸಲ ಕೂಗಿದರೂ ಗೋಲಿ ಆಡುವ ಮಗುವಿಗೆ ಕೇಳಿಸಲ್ಲ ಅಲ್ವಾ? ಆ ಮುಳುಗುವಿಕೆಗೂ ಮಾರಯ್ಯ ಕೇಳಿದ್ದಕ್ಕೂ ನನಗಂತೂ ದೂರ ಕಾಣಲ್ಲ.

ಆದರೆ ಎರಡು ಕಡೆ ನೀವು ಗಟ್ಟಿಯಾಗಿ ನಿಲ್ಲಲೇಬೇಕು. ತಿರುಗುವ ಬೆಲ್ಟ್, ಮೋಟರ್, ಎತ್ತರಕ್ಕೆ ಒಟ್ಟಿದ ಚೀಲಗಳ ಹತ್ತಿರ ಯಾವ ಷರತ್ತೂ ಬೇಡ. ಇನ್ನೊಂದು, ಒಬ್ಬನನ್ನೇ ಗುರಿ ಮಾಡಿ ನಗೋದು. ನಾನು ಮೊದಲು ಕೆಲಸಕ್ಕಿದ್ದ ಆಫೀಸಿನಲ್ಲಿ ಒಬ್ಬ ಹುಡುಗನ ಬಣ್ಣದ ಮೇಲೆ ಹೆಸರಿಟ್ಟು ದಿನಾ ಕರೆಯುತ್ತಿದ್ದರು, ತಮಾಷೆ ಅನ್ನುತ್ತಿದ್ದರು. ಅವನೂ ನಗುತ್ತಿದ್ದ. ಒಂದು ಸೋಮವಾರದಿಂದ ಬರಲೇ ಇಲ್ಲ. ನಾನೂ ಅಲ್ಲೇ ಇದ್ದೆ, ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತೆ. ಬೇಡ ಅನ್ನೋಕೆ ಆಗದಿದ್ದರೆ ಅದು ಆಟವೇ ಅಲ್ಲ.

ಹಾಗೇ, ನೀವೇ ಮುಂದೆ ನಿಂತು ಆಟ ಆಡಿಸೋಕೆ ಹೋಗಬೇಡಿ. ಮಾಲೀಕರು ಹೇಳಿದರೆ ಅದೂ ಒಂದು ಕೆಲಸವೇ ಆಗುತ್ತೆ. ಚೀಲ ಹೊಲಿಯುವ ಮುಂಚೆ ತೂಕ ಸರಿಯಾಗಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಯಾವತ್ತಾದರೂ ಅವರೇ ನಿಮ್ಮನ್ನು ಕರೆದರೆ ಒಂದು ಚೀಲ ತುಂಬಿ, ಸೋತರೆ ಚಹಾ ಕುಡಿಸಿ.